ನಾ ಹೇಳೂ ತನಕ ಹಚ್ಚಬ್ಯಾಡ್ರಿ

ಮುಖದ ಗಾಯಕ್ಕೆ ಪಟ್ಟಿ ಕಟ್ಟುವುದನ್ನು ನಿಮಗೆ ಯಾರು ಬೇಕಾದರೂ ಕಲಿಸುತ್ತಾರೆ. ಹೊಲಿಗೆ ಬಿಚ್ಚುವುದು, ಕೀವು ತೆಗೆಯುವುದು, ಕೂಡಿಸಿದ ಚರ್ಮಕ್ಕೆ ರಕ್ತ ಹರಿಯುತ್ತಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡುವುದು, ಇವೆಲ್ಲ ಆರು ತಿಂಗಳಲ್ಲಿ ಕೈಗೆ ಹತ್ತುತ್ತವೆ. ನಾನು ಬರೆಯಲು ಕೂತಿರುವುದು ಬಾಯಿಯ ವಿಷಯ. ಮೂವತ್ತೆರಡು ವರ್ಷ ನರ್ಸ್ ಕೆಲಸ ಮಾಡಿದೆ. ಅದರಲ್ಲಿ ಹೆಚ್ಚಿನ ಪಾಲು ಕಳೆದದ್ದು ಮುಖದ ಚರ್ಮಕ್ಕೆ ಕ್ಯಾನ್ಸರ್ ಆಗಿ ಆಪರೇಷನ್ ಮಾಡಿಸಿಕೊಂಡವರ ಡ್ರೆಸಿಂಗ್ ಕೋಣೆಯಲ್ಲಿ. ನನ್ನ ಕೈಯಿಂದ ಯಾರಿಗೂ ಕೆಡುಕಾಗಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಬಾಯಿಯಿಂದ ಆಯಿತು. ನೆಲೋಗಿಯ ಶರಣಮ್ಮ ಎಂಬ ಹೆಣ್ಣುಮಗಳಿಗೆ, "ನಾ ಹೇಳೂ ತನಕ ಹಣಿಗೆ ಕುಂಕುಮ ಹಚ್ಚಬ್ಯಾಡ್ರಿ" ಎಂದು ತಾಕೀತು ಮಾಡಿದೆ. ಆಮೇಲೆ ಹೇಳುವುದನ್ನು ಮರೆತೆ.

ನಾನು ಎಂದು ಕಾಯಂ ಆದೆ, ಎಂದು ಹಿರಿಯ ನರ್ಸ್ ಆದೆ ಎಂಬುದೆಲ್ಲ ಪಿಂಚಣಿ ಕಾಗದದಲ್ಲಿದೆ. ಅದನ್ನು ಓದಿ ನಿಮಗೆ ಆಗಬೇಕಾದದ್ದೇನೂ ಇಲ್ಲ.

ಡ್ರೆಸಿಂಗ್ ಕೋಣೆಗೆ ನಾನು ಹೊಸದಾಗಿ ಬಂದಾಗ ಅರಿವೆಯ ಪಟ್ಟಿಗಳನ್ನು ನಾವೇ ಕತ್ತರಿಸಿ, ಮಡಚಿ, ಡಬ್ಬಿಗೆ ತುಂಬಿ ಉಗಿಯಲ್ಲಿ ಬೇಯಿಸುತ್ತಿದ್ದೆವು. ಈಗ ಎಲ್ಲ ಪಾಕೀಟಿನಲ್ಲಿ ಬರುತ್ತದೆ. ಆಗ ರೋಗಿ ಊರಿಗೆ ಹೋದನೆಂದರೆ ಹೋದ, ಅವನ ಸುದ್ದಿ ತಿಳಿಯಬೇಕಾದರೆ ಒಂದು ಕಾರ್ಡು ಬರೆದು ಕಾಯಬೇಕು. ಈಗ ಮಗನೋ ಸೊಸೆಯೋ ಮೊಬೈಲಿನಲ್ಲಿ ಗಾಯದ ಫೋಟೊ ತೆಗೆದು ಕಳಿಸುತ್ತಾರೆ, ನಾವು ನೋಡಿ "ಛಲೋ ಅದ" ಎಂದು ಉತ್ತರ ಕೊಡುತ್ತೇವೆ. ಫೋಟೊದಲ್ಲಿ ಗಾಯ ಕಾಣುತ್ತದೆ, ಗಾಯದ ಹಿಂದಿನ ಮನುಷ್ಯ ಊಟ ಮಾಡಿದನೋ ಅತ್ತನೋ ಕಾಣುವುದಿಲ್ಲ. ಹಾಗಂತ ಹಳೆಯ ಪದ್ಧತಿ ಬಹಳ ದೊಡ್ಡದಿತ್ತು ಎಂದು ನಾನು ಹೊಗಳುವುದಿಲ್ಲ. ಆಗಲೂ ಕೇಳುವವರು ಯಾರೂ ಇರಲಿಲ್ಲ.

"ನಾ ಹೇಳೂ ತನಕ" ಎಂಬ ಮಾತು ನನ್ನ ಸ್ವಂತದ್ದಲ್ಲ. ಅದನ್ನು ಕಲಿಸಿದವರು ನಮ್ಮ ಹೆಡ್ ಸಿಸ್ಟರ್. ಅವರು ಕೆಟ್ಟವರಲ್ಲ, ಕೈಗೆಲಸದಲ್ಲಿ ಅವರಿಗೆ ಹೆಸರಿಡುವಂತಿರಲಿಲ್ಲ. ಬಾಯಿ ಮಾತ್ರ ಖಾರ. ಒಮ್ಮೆ ನಾನು ಹಣೆಯ ಗಾಯದ ಹೆಣ್ಣುಮಗಳೊಬ್ಬಳಿಗೆ "ಆರು ವಾರ ಕುಂಕುಮ ಹಚ್ಚಬ್ಯಾಡ್ರಿ" ಎಂದು ಹೇಳಿ ಕಳಿಸಿದ್ದೆ. ಆಕೆ ಹತ್ತನೆಯ ದಿನಕ್ಕೆ ನಾಗರಪಂಚಮಿ ಬಂತೆಂದು ಪೇಟೆಯ ಕುಂಕುಮ ಹಚ್ಚಿಕೊಂಡಳು. ಗಾಯ ಕೆಂಪಾಗಿ, ಕೀವಾಗಿ, ಹೊಲಿಗೆ ಬಿಟ್ಟುಕೊಂಡಿತು. ಹೆಡ್ ಸಿಸ್ಟರ್ ಇಡೀ ವಾರ್ಡಿನ ಮುಂದೆ ನನಗೆ ಮಂಗಳಾರತಿ ಎತ್ತಿದರು.

"ಇವರಿಗೆ ವಾರದ ಲೆಕ್ಕ ಹೇಳ್ತಿಯೇನು? ಆರು ಅಂದ್ರ ಎರಡಕ್ಕ ಇಳಸ್ತಾರ. ನಾ ಹೇಳೂ ತನಕ ಮುಟ್ಟಬ್ಯಾಡ ಅನ್ನು. ಅಂಜಿಕಿ ಇರ್ಬೇಕು."

ಅಂದಿನಿಂದ ನಾನು ಅದನ್ನೇ ಹೇಳತೊಡಗಿದೆ. ಕೆಲಸ ಸಲೀಸಾಯಿತು. ಜನ ನನಗೆ ಅಂಜುತ್ತಿದ್ದರು ಎಂದು ಒಳಗೊಳಗೆ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಶರಣಮ್ಮ ಬಂದಾಗ ಆಕೆಗೆ ಐವತ್ತರ ಹತ್ತಿರ. ಮೂಗಿನ ಹೊಳ್ಳೆಯ ಮೇಲೆ ತೊಗರಿ ಕಾಳಿನಷ್ಟು ಕಪ್ಪು ಗಂಟು, ಒಣಗಿದಂತೆ ಆಗಿ ಮತ್ತೆ ರಕ್ತ ಒಸರುತ್ತಿತ್ತು. ಮೂಗುತಿ ತಾಕಿ ಆದದ್ದು ಎಂದುಕೊಂಡು ಎರಡು ವರ್ಷ ಅರಿಷಿಣ ಮೆತ್ತಿದ್ದಳು. ನಮ್ಮ ಸರ್ಜನ್ ಸಾಹೇಬರು ಮೂಗಿನ ಅರ್ಧ ಭಾಗವನ್ನೇ ಕೊಯ್ದು ತೆಗೆಯಬೇಕಾಯಿತು. ಹೊಸ ಮೂಗಿಗೆ ಚರ್ಮ ಬೇಕಲ್ಲ, ಅದನ್ನು ಹಣೆಯ ನಡುವಿನಿಂದ ಉದ್ದಕ್ಕೆ ಬಿಡಿಸಿ ಕೆಳಗೆ ಮಡಚಿ ಕೂಡಿಸುತ್ತಾರೆ. ಮೂರು ವಾರ ಆ ಚರ್ಮದ ಪಟ್ಟಿ ಹುಬ್ಬಿನಿಂದ ಮೂಗಿನ ತನಕ ಜೋತು ಬಿದ್ದಿರುತ್ತದೆ. ನಮ್ಮ ರೋಗಿಗಳು ಅದಕ್ಕೆ ಗಣಪತಿ ಸೊಂಡಿ ಎಂದು ಹೆಸರಿಟ್ಟಿದ್ದರು. ಆಮೇಲೆ ಇನ್ನೊಂದು ಆಪರೇಷನ್ ಮಾಡಿ ಅದನ್ನು ಕತ್ತರಿಸುತ್ತಾರೆ. ಮೂಗು ಬರುತ್ತದೆ, ಹಣೆಯ ನಟ್ಟ ನಡುವೆ ಉದ್ದನೆಯ ಗೆರೆ ಉಳಿಯುತ್ತದೆ. ಮುತ್ತೈದೆ ಕುಂಕುಮ ಇಡುವುದು ಸರಿಯಾಗಿ ಅದೇ ಜಾಗದಲ್ಲಿ.

ಡಿಸ್ಚಾರ್ಜ್ ದಿನ ಆಕೆಯ ಗಂಡ ಸಿದ್ದಣ್ಣ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ನಾನು ಅವಸರದಲ್ಲಿದ್ದೆ.

"ಬಿಸಿಲಿಗೆ ಹೋಗಬ್ಯಾಡ್ರಿ, ಸೆರಗು ಹೊಚ್ಚಗೋರಿ. ವಿಭೂತಿ, ಕುಂಕುಮ ಏನೂ ಹಣಿಗೆ ತಾಕಬಾರ್ದು. ನಾ ಹೇಳೂ ತನಕ ಹಚ್ಚಬ್ಯಾಡ್ರಿ."

"ಆತ್ರಿ ಅಕ್ಕಾರ, ನೀವು ಹೇಳೂ ತನಕ ಮುಟ್ಟಂಗಿಲ್ಲ" ಎಂದಳು.

ಅದಾಗಿ ಹದಿನೈದು ದಿನಕ್ಕೆ ನನ್ನನ್ನು ಬೇರೆ ವಾರ್ಡಿಗೆ ಹಾಕಿದರು. ಆಕೆ ಎರಡು ಸಲ ತಪಾಸಣೆಗೆ ಬಂದಳಂತೆ. ಸಾಹೇಬರು ಮೂಗು ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಎಷ್ಟು ಚೆನ್ನಾಗಿ ಬಂದಿದೆ!" ಎಂದು ಫೋಟೊ ತೆಗೆದುಕೊಂಡರಂತೆ. ಅವರು ದಕ್ಷಿಣದ ಕಡೆಯವರು, ದೇವರಂಥ ಕೈ. ಕಣ್ಣೆಲ್ಲ ಮೂಗಿನ ಮೇಲೆ, ಹಣೆ ಯಾಕೆ ಖಾಲಿ ಇದೆ ಎಂದು ಕೇಳಲು ಅವರಿಗೆ ಹೊಳೆಯಲಿಲ್ಲ. ಅವರ ಮೇಲೆ ತಪ್ಪು ಹೊರಿಸಲಾರೆ, ಹಚ್ಚಬೇಡ ಎಂದವಳು ನಾನು.

ಮೂರು ವರ್ಷದ ನಂತರ ನನ್ನನ್ನು ಮತ್ತೆ ಅದೇ ವಿಭಾಗಕ್ಕೆ ಕರೆದರು. ಈಗ ಹೊಸ ಕೆಲಸ. ಆಪರೇಷನ್ ಆದವರು ಹೇಗೆ ಬದುಕುತ್ತಿದ್ದಾರೆ ಎಂದು ತಿಳಿಯಲು ನಾಲ್ಕು ಪುಟದ ಫಾರಂ ಮಾಡಿದ್ದರು. ಅದರ ತಲೆಯ ಮೇಲೆ "ಜೀವನದ ಗುಣಮಟ್ಟ" ಎಂದು ಅಚ್ಚು. ನಾನು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಹಳೆಯ ರೋಗಿಗಳ ಮನೆಗೆ ಹೋಗಿ ಅದನ್ನು ತುಂಬಿಸಿಕೊಂಡು ಬರಬೇಕು. ನೋವು ಇದೆಯೇ, ನಿದ್ದೆ ಬರುತ್ತದೆಯೇ, ಜನರ ನಡುವೆ ಹೋಗುತ್ತೀರಾ, ಸಮಾರಂಭಗಳಿಗೆ ಹೋಗುತ್ತೀರಾ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ.

ಆಳಂದದಲ್ಲಿ ಒಬ್ಬ ಅರಿವೆ ಅಂಗಡಿಯ ಸಾಹುಕಾರರಿದ್ದರು. ಎಡಗೆನ್ನೆ ಕೊಯ್ದು ತೊಡೆಯ ಚರ್ಮ ಹಚ್ಚಿದ್ದೆವು. ತೇಪೆ ಹಾಕಿದಂತೆ ಬಣ್ಣ ಬೇರೆ ಕಾಣುತ್ತಿತ್ತು. ಅವರು ಅಂಗಡಿಯಲ್ಲಿ ತಮ್ಮ ಗಾದಿಯನ್ನೇ ತಿರುಗಿಸಿ ಹಾಕಿಸಿದ್ದರು, ಗಿರಾಕಿಗೆ ಬಲಗೆನ್ನೆ ಮಾತ್ರ ಕಾಣುವ ಹಾಗೆ. ಯಾರಾದರೂ ಎಡಗಡೆಯಿಂದ ಮಾತಾಡಿಸಿದರೆ ತಿರುಗುತ್ತಿರಲಿಲ್ಲ. ಸಾಹುಕಾರರಿಗೆ ಸೊಕ್ಕು ಬಂದಿದೆ ಎಂದು ಊರಲ್ಲಿ ಮಾತು. "ಸೊಕ್ಕು ಅಂದ್ಕೊಳ್ಳಿ ಬಿಡ್ರಿ ಸಿಸ್ಟರ್, ಅಯ್ಯೋ ಪಾಪ ಅನ್ನೂದಕ್ಕಿಂತ ಅದು ಬರೋಬರಿ ಅದ" ಎಂದರು. ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ. ದಿನಾ ಅಂಗಡಿಗೆ ಹೋಗುತ್ತಾರೆ ಎಂದು ನಾಲ್ಕು ಅಂಕ ಹಾಕಿದೆ.

ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಿ ಒಬ್ಬ ರೈತ. ಶರಣಮ್ಮನಿಗೆ ಮಾಡಿದ ಆಪರೇಷನ್ನೇ ಆತನಿಗೂ ಆಗಿತ್ತು. ಆತನ ಹಣೆ ಸಣ್ಣದು, ಮೇಲಿನ ಚರ್ಮದ ಜೊತೆ ತಲೆಗೂದಲಿನ ಅಂಚೂ ಬಂದುಬಿಟ್ಟಿತ್ತು. ಹೊಸ ಮೂಗಿನ ತುದಿಯಲ್ಲಿ ಕೂದಲು ಬೆಳೆಯತೊಡಗಿತು! ನನ್ನನ್ನು ಕಂಡಕೂಡಲೆ ನಗತೊಡಗಿದ.

"ನೋಡ್ರಿ ಅಕ್ಕಾರ, ಊರಾಗ ಎಲ್ಲಾರಿಗೂ ಮೀಸಿ ಮೂಗಿನ ಕೆಳಗ, ನನಗ ಮೂಗಿನ ಮ್ಯಾಲೆ. ದಿನಾ ಬೋಳಸ್ತೇನಿ."

ನಾನೂ ನಕ್ಕೆ. ಜನ ನಿಮ್ಮನ್ನು ನೋಡಿ ನಗುತ್ತಾರೆಯೇ ಎಂಬ ಪ್ರಶ್ನೆ ಕೇಳಿದಾಗ, "ಅವರು ನಗೂಕಿಂತ ಮೊದಲ ನಾನೇ ನಗ್ತೇನ್ರಿ" ಎಂದ. ಸಂತೋಷದಿಂದಿದ್ದಾನೆ ಎಂದು ಬರೆದುಕೊಂಡೆ. ಹೊರಡುವಾಗ ಆತನ ಹೆಂಡತಿ ಹಿತ್ತಲ ತನಕ ಬಂದು ಮೆಲ್ಲಗೆ, "ಮಂದಿ ಹೋದ ಮ್ಯಾಲೆ ಗ್ವಾಡಿಗೆ ಮಾರಿ ಮಾಡಿ ಮಲಗ್ತಾನ್ರಿ, ನನ್ನ ಕೂಡನೂ ಮಾತಿಲ್ಲ" ಎಂದಳು. ಬರೆದದ್ದನ್ನು ಹೊಡೆದುಹಾಕಿದೆ. ಆವತ್ತಿನಿಂದ ನನಗೆ ಆ ಫಾರಂ ಮೇಲೆ ಸಿಟ್ಟು ಬಂತು. ಸಿಟ್ಟು ನಿಜವಾಗಿ ಬರಬೇಕಾದದ್ದು ಯಾರ ಮೇಲೆ ಎಂಬುದು ತಿಳಿದದ್ದು ನೆಲೋಗಿಗೆ ಹೋದಾಗ.

ಶರಣಮ್ಮ ನನ್ನನ್ನು ಕಂಡು ಬಾಗಿಲ ತನಕ ಓಡಿ ಬಂದಳು. ಮೂಗು ಸೊಗಸಾಗಿ ಕೂತಿತ್ತು. ಹಣೆಯ ಗೆರೆ ಮಾಸಿ ಎಳೆಯಷ್ಟು ಉಳಿದಿತ್ತು. ಫಾರಂ ತುಂಬಿದೆವು. ನೋವು ಇಲ್ಲ, ಊಟ ಸೇರುತ್ತದೆ. ಸಮಾರಂಭಗಳಿಗೆ ಹೋಗುತ್ತೀರಾ ಎಂದರೆ, "ಹೋಗ್ತೀನ್ರಿ, ಮಗಳ ಲಗ್ನಾನೂ ಆತು" ಎಂದಳು. ನಾಲ್ಕು ಅಂಕ. ಬಹಳ ಖುಷಿಯಾಯಿತು ನನಗೆ.

ಹೊರಡಲು ಎದ್ದೆ. ಮನೆಗೆ ಬಂದ ಮುತ್ತೈದೆಗೆ ಕುಂಕುಮ ಹಚ್ಚದೆ ನಮ್ಮ ಕಡೆ ಯಾರೂ ಕಳಿಸುವುದಿಲ್ಲ. ಶರಣಮ್ಮ ಕುಂಕುಮದ ಬಟ್ಟಲು ತಂದಳು. ತಂದು, ಪಕ್ಕದ ಮನೆಯ ಕಡೆ ಕೂಗಿದಳು.

"ಮಹಾದೇವೀ, ಜರಾ ಬಾ ಬೇ. ಅಕ್ಕಾರಿಗೆ ಕುಂಕುಮ ಹಚ್ಚು."

"ಯಾಕ್ರೀ ಶರಣಮ್ಮ, ನೀವು ಹಚ್ಚಿದ್ರ ಆಗಂಗಿಲ್ಲೇನು?" ಎಂದೆ.

"ನನ್ನ ಹಣಿ ಖಾಲಿ ಅದಲ್ರೀ. ಖಾಲಿ ಹಣಿ ಇಟಗೊಂಡು ನಿಮಗ ಹೆಂಗ ಹಚ್ಚಲಿ?"

"ಮತ್ತ ನೀವ್ಯಾಕ ಹಚ್ಚಿಕೊಂಡಿಲ್ಲ?"

ಆಕೆ ನನ್ನ ಮುಖವನ್ನೇ ನೋಡಿದಳು. "ನೀವು ಇನ್ನಾ ಹೇಳಿಲ್ಲಲ್ರಿ ಅಕ್ಕಾರ."

ಕೂತುಬಿಟ್ಟೆ. ಆಕೆ ಮಾತ್ರ ಸಹಜವಾಗಿ ಹೇಳುತ್ತ ಹೋದಳು. ತಪಾಸಣೆಗೆ ಬಂದಾಗ ಎರಡೂ ಸಲ ಆ ಅಕ್ಕಾರು ಎಲ್ಲಿ ಎಂದು ಕೇಳಿದ್ದಳು. ಬೇರೆ ಕಡೆ ಹಾಕಿದ್ದಾರೆ ಎಂದರಂತೆ. ಇನ್ನೊಬ್ಬ ನರ್ಸನ್ನು ಕೇಳಬಹುದಿತ್ತಲ್ಲ ಎಂದರೆ, "ಹಚ್ಚಬ್ಯಾಡ ಅಂದವರು ನೀವು. ಅವರನ್ನ ಕೇಳಿದ್ರ ಹೆಂಗ ಆಗ್ತದ?" ಎಂದಳು. ಬೆಳಿಗ್ಗೆ ಲಿಂಗಪೂಜೆಯಾದ ಮೇಲೆ ಕೊರಳಿಗೆ, ತೋಳಿಗೆ ವಿಭೂತಿ ಹಚ್ಚಿಕೊಂಡು ಹಣೆ ಬಿಟ್ಟುಬಿಡುತ್ತಿದ್ದಳು. ಊರವರಿಗೆ ವಿಷಯ ಗೊತ್ತಿದ್ದರೂ ಉಡಿ ತುಂಬಲು ಕರೆಯುವುದನ್ನು ನಿಲ್ಲಿಸಿದ್ದರು. ಬಸ್ಸಿನಲ್ಲಿ ಯಾರೋ ಹೆಣ್ಣುಮಗಳು, "ಯಜಮಾನ್ರು ತೀರಿ ಎಷ್ಟು ದಿನ ಆತವ್ವಾ?" ಎಂದು ಕೇಳಿದಳಂತೆ, ಸಿದ್ದಣ್ಣ ಹಿಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿರುವಾಗಲೇ. ಇದನ್ನು ಹೇಳುತ್ತ ಶರಣಮ್ಮ ನಕ್ಕಳು. ಕಟ್ಟೆಯ ಮೇಲಿದ್ದ ಸಿದ್ದಣ್ಣ ನಗಲಿಲ್ಲ.

"ಮಗಳ ಲಗ್ನದಾಗ?" ಎಂದೆ. ಕೇಳದೆ ಇರಲು ಆಗಲಿಲ್ಲ.

ಲಗ್ನ ಆಪರೇಷನ್ ಆದ ಎಂಟು ತಿಂಗಳಿಗೆ ಆಗಿತ್ತು. ಸುರಗಿ ಎಂದರೆ ನಿಮಗೆ ಗೊತ್ತು, ನಾಲ್ಕು ಮೂಲೆಗೆ ಚರಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿ ಮುತ್ತೈದೆಯರು ಅರಿಷಿಣ ಹಚ್ಚಿ ನೀರು ಹಾಕುವುದು. ಅದಕ್ಕೆ ನಾದಿನಿಯನ್ನು ಮುಂದೆ ಮಾಡಿ ಈಕೆ ಅಡುಗೆಯವರ ಹತ್ತಿರ ಹೋಗಿ ನಿಂತಿದ್ದಳು.

"ಶರಣಮ್ಮ, ಇವತ್ತಿನಿಂದ ಹಚ್ಚಿಕೊಳ್ಳ್ರಿ. ನಾ ಹೇಳಾಕತ್ತೇನಿ, ಈಗ ಹಚ್ಚಿಕೊಳ್ಳ್ರಿ" ಎಂದೆ.

ಆಕೆ ಬಟ್ಟಲಿಗೆ ಬೆರಳು ಹಾಕಲಿಲ್ಲ. ಬಟ್ಟಲು ಕೆಳಗಿಟ್ಟು ಕೇಳಿದಳು:

"ಅಕ್ಕಾರ, ಲಗ್ನದ ಹೊತ್ತಿನ್ಯಾಗ ಹಚ್ಚಬಹುದಿತ್ತೇನ್ರಿ?"

ಹಚ್ಚಬಹುದಿತ್ತು. ಎರಡೇ ತಿಂಗಳಿಗೆ ಆ ಗಾಯ ಮಾಗಿತ್ತು. ಮೂರನೆಯ ತಿಂಗಳಿಗೆ ನಾನು ಒಂದು ಕಾರ್ಡು ಬರೆದಿದ್ದರೆ, ಒಂದು ಫೋನು ಮಾಡಿದ್ದರೆ ಆಕೆ ತನ್ನ ಮಗಳಿಗೆ ತಾನೇ ಅರಿಷಿಣ ಹಚ್ಚುತ್ತಿದ್ದಳು. ಅದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ.

"ಇಲ್ಲವ್ವ, ಆವಾಗ ಗಾಯ ಒಳಗ ಹಸಿ ಇತ್ತು. ಮೂರು ವರ್ಷ ಬೇಕಾಗ್ತದ" ಎಂದೆ.

ಆಕೆ ಉಸಿರುಬಿಟ್ಟಳು. "ಹಂಗಾದ್ರ ಛಲೋನ ಆತು ಬಿಡ್ರಿ. ಮಂದಿ ಮಾತು ಕೇಳಿ ಹಚ್ಚಗೊಂಡಿದ್ರ ಗಂಟು ತಿರುಗಿ ಬರ್ತಿತ್ತೋ ಏನೋ" ಎಂದು ಕನ್ನಡಿ ಇಳಿಸಿಕೊಂಡು ಕುಂಕುಮ ಇಟ್ಟುಕೊಂಡಳು. ಕೈ ಅಭ್ಯಾಸ ತಪ್ಪಿತ್ತು. ಸಿದ್ದಣ್ಣ ಎದ್ದು ಬಂದು ನೋಡಿ, "ಜರಾ ಕೆಳಗ ಆತು ನೋಡು" ಎಂದ. ಅಷ್ಟು ಹೇಳಿ ಹೊರಗೆ ಹೋಗಿ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. ಆಕೆಯ ಹೊಟ್ಟೆ ತಣ್ಣಗಾಗಲಿ ಎಂದು ಸುಳ್ಳು ಹೇಳಿದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಣ್ಣಗಾಗಬೇಕಿದ್ದದ್ದು ನನ್ನ ಹೊಟ್ಟೆ.

ಮರುದಿನವೇ ಪದ್ಧತಿ ಬದಲಿಸಿದೆ. ಯಾವುದನ್ನು ಎಷ್ಟು ದಿನ ಬಿಡಬೇಕು, ಯಾವ ತಾರೀಖಿನಿಂದ ಮತ್ತೆ ಹಚ್ಚಬಹುದು ಎಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ರೋಗಿಯ ಕೈಗೆ ಕೊಡತೊಡಗಿದೆ. ಇನ್ನು ಯಾರೂ ನನ್ನ ಬಾಯಿಗೆ ಕಾಯಬೇಕಿಲ್ಲ ಎಂದುಕೊಂಡೆ.

ನಿವೃತ್ತಿಗೆ ಮೂರು ತಿಂಗಳಿದ್ದಾಗ ಕೊಳಕೂರಿನ ಲಕ್ಷ್ಮೀಬಾಯಿ ವರ್ಷದ ತಪಾಸಣೆಗೆ ಬಂದಳು. ಮೂವತ್ತೈದರ ಹೆಣ್ಣುಮಗಳು. ಹುಬ್ಬಿನ ಮೇಲಿನ ಗಂಟು ತೆಗೆದು ಹಣೆ ಹೊಲಿದಿದ್ದೆವು. ಎಲ್ಲ ಮಾಗಿತ್ತು, ಹಣೆ ಮಾತ್ರ ಖಾಲಿ.

"ಚೀಟಿ ಕೊಟ್ಟಿದ್ನಲ್ಲವ್ವ?"

"ಚೀಟಿ ಅದರೀ. ಆದ್ರ ನೆಲೋಗಿ ಶರಣಮ್ಮಾಯಿ ಬ್ಯಾಡ ಅಂದ್ರು. ಅವರು ನಮ್ಮ ಅತ್ತಿ ಕಡಿ ಬೀಗರು. ಮೂರು ವರ್ಷ ತಡದ್ರನೇ ಗಂಟು ತಿರುಗಿ ಬರಂಗಿಲ್ಲಂತ. ದೊಡ್ಡಕ್ಕಾರ ತಮ್ಮ ಬಾಯಿಲೇ ಹೇಳ್ಯಾರಂತ."

ದೊಡ್ಡಕ್ಕಾರು ಎಂದರೆ ನಾನೇ, ಅದು ಈಕೆಗೆ ಗೊತ್ತಿರಲಿಲ್ಲ. ಈಕೆ ನನ್ನ ಹೆಸರಿನ ಮಾತನ್ನೇ ನನಗೆ ತಿರುಗಿ ಒಪ್ಪಿಸುತ್ತಿದ್ದಳು. ಇಲ್ಲವ್ವ, ಹಚ್ಚಿಕೋ ಎಂದು ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದಳು. ಶರಣಮ್ಮಾಯಿಯ ಮೂಗು ಕಣ್ಣೆದುರಿಗೆ ಇದೆ, ಗಂಟು ತಿರುಗಿ ಬಂದಿಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಆಕೆಗೆ ಬೇಡವಾಗಿತ್ತು. ಎದ್ದು ಹೋಗುವಾಗ ಇನ್ನೊಂದು ಮಾತು ಹೇಳಿದಳು. ಬರುವ ಸೋಮವಾರ ಆಕೆಯ ತಮ್ಮನ ಲಗ್ನ, ಅಕ್ಕನಾದವಳು ಸುರಗಿಗೆ ನಿಲ್ಲುವ ಹಾಗಿಲ್ಲ ಎಂದು ಅತ್ತೆ ಈಗಾಗಲೇ ಹೇಳಿದ್ದಾಳಂತೆ.

ಮರುದಿನ ರಜೆ ಹಾಕಿ ನೆಲೋಗಿಗೆ ಹೋದೆ.

ಶರಣಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹಣೆಯಲ್ಲಿ ಕಾಸಿನಗಲ ಕುಂಕುಮ. ನಾನು ಕೂತು, ನೀರು ಕೂಡ ಮುಟ್ಟದೆ, ಎಲ್ಲ ಹೇಳಿದೆ. ಗಾಯ ಎರಡು ತಿಂಗಳಿಗೆ ಮಾಗಿತ್ತು ಎಂದೆ. ಲಗ್ನದಲ್ಲಿ ಹಚ್ಚಬಹುದಿತ್ತು ಎಂದೆ. ಮೂರು ವರ್ಷ ಎಂಬುದು ನನ್ನ ಸುಳ್ಳು, ಹೇಳುವುದನ್ನು ಮರೆತದ್ದು ನನ್ನ ತಪ್ಪು ಎಂದೆ. ಲಕ್ಷ್ಮೀಬಾಯಿಯ ಸುದ್ದಿ ಹೇಳಿದೆ.

ಆಕೆಯ ಕೈ ಮೊರದ ಮೇಲೆ ನಿಂತಿತು. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನು ಕಾಲು ಹಿಡಿದುಕೊಳ್ಳುತ್ತಿದ್ದೆ. ಆಕೆ ಎದ್ದಳು, ಕೈ ತೊಳೆದಳು, ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದಳು.

"ನಡ್ರಿ, ಕೊಳಕೂರಿಗೆ ಹೋಗೂಣು."

ಜೇವರ್ಗಿಗೆ ಬಂದು ಅಲ್ಲಿಂದ ಕೊಳಕೂರಿನ ಬಸ್ಸು ಹಿಡಿದೆವು. ಲಕ್ಷ್ಮೀಬಾಯಿಯ ಮನೆಯಲ್ಲಿ ಆಕೆಯ ಅತ್ತೆಯೂ ಇದ್ದಳು. ಶರಣಮ್ಮ ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡಳು.

"ನನಗ ತಪ್ಪು ತಿಳದಿತ್ತು ತಂಗಿ. ಮೂರು ವರ್ಷ ಅಂತ ಯಾರೂ ಹೇಳಿದ್ದಿಲ್ಲ. ನಾನೇ ಅರ್ಧ ಕೇಳಿಸಿಕೊಂಡು ಹುಚ್ಚುಚ್ಚಾರ ಮಾತಾಡೀನಿ. ನಿನ್ನ ಗಾಯ ಮಾಗ್ಯದ, ಹಚ್ಚಿಕೋ."

"ಅಲ್ರೀ, ಅದು ನನ್ನ..." ಎಂದು ನಾನು ಬಾಯಿ ತೆರೆದೆ.

"ನೀವು ಸುಮ್ಮ ಕುಂಡ್ರಿ" ಎಂದಳು, ನನ್ನ ಕಡೆ ನೋಡದೆ. ಆಮೇಲೆ ಬಟ್ಟಲು ತರಿಸಿ ತನ್ನ ಕೈಯಿಂದ ಲಕ್ಷ್ಮೀಬಾಯಿಯ ಹಣೆಗೆ ಕುಂಕುಮ ಹಚ್ಚಿದಳು. ಆ ಹೆಣ್ಣುಮಗಳು ಗೋಡೆಯ ಕನ್ನಡಿಗೆ ಹೋಗಿ ನೋಡಿಕೊಂಡು, ಸೆರಗು ಬಾಯಿಗೆ ಒತ್ತಿ ಅಳತೊಡಗಿದಳು. ಅತ್ತೆ, "ಸೋಮವಾರ ಸುರಗಿಗೆ ಜಲ್ದಿ ಹೋಗಬೇಕು ನೋಡು ಮತ್ತ" ಎಂದಳು.

ಹಿಂದಕ್ಕೆ ಬರುವಾಗ ರಸ್ತೆಯ ಬದಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತೆವು. ನಾನು ಕೈಮುಗಿದು, "ಶರಣಮ್ಮ, ನನ್ನ ಮಾಫ್ ಮಾಡ್ರಿ" ಎಂದೆ. ಆಕೆ ರಸ್ತೆಯನ್ನೇ ನೋಡುತ್ತಿದ್ದಳು.

"ಸುರಗಿ ಒಳಗ ಕುಂತಿದ್ಲ್ರೀ ನನ್ನ ಮಗಳು. ಅಡಿಗಿ ಮನೀ ತನಕ ಎದ್ದು ಬಂದು ನನ್ನ ಕೈ ಹಿಡದು ಜಗ್ಗಿದ್ಲು. ಯವ್ವಾ, ನೀನ ಮೊದಲ ಹಚ್ಚಬೇಕು ಬೇ, ಇಲ್ಲಂದ್ರ ನಾ ಹೋಗಿ ಕುಂಡ್ರಂಗಿಲ್ಲ ಅಂದ್ಲು. ಮಂದಿ ಎಲ್ಲಾ ನೋಡಾಕತ್ತಿದ್ರು. ನಾ ಕೈ ಕೊಸರಿಕೊಂಡು ಆಕೀಗೆ ಬೈದೆ. ಲಗ್ನದ ದಿನ ಅಳಿಸಿ ಕಳಿಸೀನ್ರಿ ನನ್ನ ಕೂಸಿನ್ನ."

ಬಸ್ಸು ಬಂತು. ಆಕೆ ಮೊದಲು ಹತ್ತಿ ಹೆಂಗಸರ ಸೀಟಿನಲ್ಲಿ ಕಿಟಕಿಯ ಕಡೆ ಕೂತಳು. ಪಕ್ಕದ ಜಾಗ ಖಾಲಿ ಇತ್ತು. ನಾನು ಹತ್ತಿರ ಹೋಗುವಷ್ಟರಲ್ಲಿ ಅದರ ಮೇಲೆ ತನ್ನ ಚೀಲ ಇಟ್ಟಳು. ನಾನು ಹಿಂದೆ ಹೋಗಿ ನಿಂತುಕೊಂಡೆ.